ಡಿಸೆಂಬರ್ 21ರ ರಾತ್ರಿ ಟ್ಯಾರೋ ಹಾಕಿ ಕೂರೋದು: ನಮ್ಮ ಕಡೆಗೆ ಹೊಂದುತ್ತದಾ?

ಕಾಫಿಕಣ, ಚಿಕ್ಕಮಗಳೂರು
ವರ್ಷದ ಅತಿ ಉದ್ದದ ರಾತ್ರಿ ಟ್ಯಾರೋ ಕಾರ್ಡ್, ಅಂದರೆ ಭವಿಷ್ಯ ನೋಡಲು ಬಳಸುವ ಚಿತ್ರದ ಎಲೆಗಳನ್ನ, ಹಿಡಿದು ಕೂರಬೇಕು ಅಂತಿದ್ದೇನೆ. ಭವಿಷ್ಯ ಕೇಳೋದಕ್ಕಲ್ಲ, ಈ ವರ್ಷ ನನಗೆ ಏನಾಯ್ತು ಅಂತ ನಾನೇ ನೋಡಿಕೊಳ್ಳೋದಕ್ಕೆ. ಆದರೆ ನೆಟ್‌ನಲ್ಲಿ ಸಿಗುವ ಪ್ರಶ್ನೆಗಳೆಲ್ಲ ಹಿಮ, ಗಾಢ ಕತ್ತಲು, ಬೆಳಕು ಮರಳಿ ಬರುವುದು, ಇವುಗಳ ಸುತ್ತಲೇ ಇವೆ. ನಮ್ಮಲ್ಲಿ ಆ ದಿನವೂ ಹಗಲು 11 ಗಂಟೆಗಿಂತ ಜಾಸ್ತಿ, ಅದೂ ಹಣ್ಣು ಕೊಯ್ಯುವ ಸಮಯ, ಕಣದಲ್ಲಿ ಕೆಲಸವೋ ಕೆಲಸ. ಇದನ್ನ ಸಂಕ್ರಾಂತಿಗೇ ಇಟ್ಟುಕೊಳ್ಳಲಾ? ಎಷ್ಟು ಕಾರ್ಡ್ ತೆಗೆಯಲಿ?

ಹಾಸನದ ಓದುಗ
ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ಕ್ಕೆ. ಸುಮಾರು 1700 ವರ್ಷದ ಹಿಂದೆ ಸಂಕ್ರಾಂತಿಯೂ ಆಗಲೇ ಬರುತ್ತಿತ್ತು. ಭೂಮಿಯ ಅಕ್ಷ ನಿಧಾನವಾಗಿ ಓಲಾಡುವುದರಿಂದ ಈಗ ಎರಡಕ್ಕೂ ಮೂರು ವಾರಕ್ಕಿಂತ ಜಾಸ್ತಿ ಅಂತರ. ಇನ್ನೊಂದು ವಿಷಯ, ನಮ್ಮ ಕಡೆ ಡಿಸೆಂಬರ್ 21 ಕಳೆದ ಮೇಲೂ ಸೂರ್ಯ ಹುಟ್ಟುವುದು ಜನವರಿವರೆಗೆ ತಡವಾಗುತ್ತಲೇ ಹೋಗುತ್ತದೆ, ಬೆಳಕು ಜಾಸ್ತಿಯಾಗುವುದು ಸಂಜೆ ಕಡೆಯಿಂದ. ಅದಕ್ಕೇ ನಾನು ಹೇಳೋದು, 21ಕ್ಕೆ ಪ್ರಶ್ನೆ ಕೇಳಿ ಬರೆದಿಡಿ, ಸಂಕ್ರಾಂತಿಗೆ ಅದೇ ಪುಟ ತೆಗೆದು ಓದಿ. ಎರಡೂ ದಿನಕ್ಕೆ ಕೆಲಸ ಸಿಗುತ್ತದೆ.

ಹೇಮಾವತಿ ದಂಡೆ, ಸಕಲೇಶಪುರ
ಮೂರು ಕಾರ್ಡ್ ಸಾಕು ಕಣ್ರೀ. ಒಟ್ಟು 78ರಲ್ಲಿ ಮೇಜರ್ ಅರ್ಕಾನಾ ಅನ್ನೋ 22 ಮುಖ್ಯ ಕಾರ್ಡ್ ಮಾತ್ರ ಬೇರೆ ಮಾಡಿ ಕಲಸಿ. ಹಿಮದ ಪ್ರಶ್ನೆ ಬಿಡಿ, ತೋಟದ ಪ್ರಶ್ನೆ ಕೇಳಿಕೊಳ್ಳಿ: ಈ ವರ್ಷ ಏನು ಹಣ್ಣಾಯ್ತು, ಏನು ಕಾಯಾಗಿಯೇ ಉಳಿಯಿತು, ಏನನ್ನು ಸವರಿ ಹಾಕಬೇಕು. ಚಿತ್ರ ನೋಡಿದ ತಕ್ಷಣ ಮನಸ್ಸಿಗೆ ಬಂದಿದ್ದನ್ನ ಬರೆಯಿರಿ, ಅರ್ಥದ ಪುಸ್ತಕ ಆಮೇಲೆ. ಮೊದಲೇ ಪುಸ್ತಕ ತೆಗೆದರೆ ಅದರ ಮಾತೇ ನಿಮ್ಮ ಮಾತಾಗಿಬಿಡುತ್ತದೆ. 9ನೇ ಕಾರ್ಡ್ ಹರ್ಮಿಟ್ ನೋಡಿ, ಬೆಟ್ಟದ ತುದಿಯಲ್ಲಿ ಮುದುಕನೊಬ್ಬ ಲಾಟೀನು ಹಿಡಿದು ನಿಂತಿದ್ದಾನೆ. ಪುಸ್ತಕ ಏಕಾಂತ ಅನ್ನುತ್ತದೆ, ನನಗೆ ಮಾತ್ರ ರಾತ್ರಿ ಪಂಪ್‌ಸೆಟ್ ಹಾಕಲು ಹೋಗುತ್ತಿದ್ದ ಅಪ್ಪ ಕಾಣುತ್ತಾರೆ. ನಿಮಗೆ ಬೇಕಾಗಿರುವುದು ಅಂಥ ಸಾಲು.

ರಾತ್ರಿ ಸುಸ್ತಾಗಿದ್ದರೆ ಬೆಳಗಿನ ಜಾವ ಕೂರಿ. ಹೇಗೂ ಧನುರ್ಮಾಸ, ಮನೆಯಲ್ಲಿ ಯಾರಾದರೂ ಎದ್ದೇ ಇರುತ್ತಾರೆ.

ಕಾಫಿಕಣ
ತುಂಬಾ ಥ್ಯಾಂಕ್ಸ್ ಅಕ್ಕ, ತೋಟದ ಪ್ರಶ್ನೆ ಬರೆದುಕೊಂಡೆ. ಅಮ್ಮನಿಗೆ ಇದು ಗಿಳಿಶಾಸ್ತ್ರದ ಹಾಗೆ ಕಾಣುತ್ತದೆ, ಏನು ಹೇಳಲಿ? 13ನೇ ಕಾರ್ಡ್, ಡೆತ್, ಬಂದರೆ ನನಗೂ ಭಯವೇ.

ಹಾಸನದ ಓದುಗ
ಅಮ್ಮನಿಗೆ ನಮ್ಮ ಮೈಸೂರು ಗಂಜೀಫಾ ಎಲೆಯಾಟ ನೆನಪಿಸಿ. ಟ್ಯಾರೋ ಕೂಡ 15ನೇ ಶತಮಾನದ ಇಟಲಿಯಲ್ಲಿ ಆಡುವ ಎಲೆಯಾಗಿಯೇ ಹುಟ್ಟಿದ್ದು. ಅದರಲ್ಲಿ ಭವಿಷ್ಯ ನೋಡುವುದು ದೊಡ್ಡದಾಗಿ ಹಬ್ಬಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸ್‌ನಲ್ಲಿ. ಈಗ ಎಲ್ಲರ ಕೈಯಲ್ಲಿರುವ ಚಿತ್ರಗಳು 1909ರವು, ಬರೆದವರು ಪಮೇಲಾ ಕೋಲ್ಮನ್ ಸ್ಮಿತ್.

ಹೇಮಾವತಿ ದಂಡೆ, ಸಕಲೇಶಪುರ
13 ಬಂದರೆ ಏನು ಮುಗಿಯಿತು ಅಂತ ಬರೆಯಿರಿ, ಅಷ್ಟೇ. ಆ ಚಿತ್ರದಲ್ಲೂ ಹಿಂದೆ ಎರಡು ಗೋಪುರದ ನಡುವೆ ಸೂರ್ಯ ಇದ್ದಾನೆ. ಇಷ್ಟವಾಗಲಿಲ್ಲ ಅಂತ ಮತ್ತೆ ಮತ್ತೆ ಕಾರ್ಡ್ ತೆಗೆಯಬೇಡಿ. ಮನಸ್ಸು ತೀರಾ ಭಾರವಾಗಿದ್ದರೆ ಆ ದಿನ ಕಾರ್ಡ್ ಬೇಡವೇ ಬೇಡ, ಯಾರ ಹತ್ತಿರವಾದರೂ ಬಾಯಿಬಿಟ್ಟು ಮಾತಾಡಿ. ಇಲ್ಲಿಗೆ ಬರೆದರೂ ಆಯ್ತು, ನಾನು ಓದುತ್ತೇನೆ.