ಸಹಾಯ ಬೇಕು: ಹದಿನೈದನೇ ಲೂಯಿಯ ಹೆಣ್ಣುಮಕ್ಕಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಫ್ರಾನ್ಸಿನ ದೊರೆ ಹದಿನೈದನೇ ಲೂಯಿಯ ಹೆಣ್ಣುಮಕ್ಕಳ ಬಗ್ಗೆ ಲೇಖನವೊಂದನ್ನು ಬರೆಯುತ್ತಿದ್ದೇನೆ. 1738ರಲ್ಲಿ ಕಿರಿಯ ನಾಲ್ವರನ್ನು ವರ್ಸೇಲ್ಸ್ ಅರಮನೆಯಿಂದ ದೂರದ ಫೊಂತೆವ್ರೋ ಮಠಕ್ಕೆ ಕಳುಹಿಸಿಬಿಟ್ಟರು. ಕೊನೆಯವಳಾದ ಲೂಯಿಸ್‌ಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಆ ನಾಲ್ವರಲ್ಲಿ ಒಬ್ಬಳಾದ ತೆರೇಸ್ ಅಲ್ಲಿಯೇ ತೀರಿಕೊಂಡಳು. ಮುಂದೆ ನಾತಿಯೇ (Nattier) ಎಂಬ ಚಿತ್ರಕಾರ ಆ ಮಠಕ್ಕೇ ಹೋಗಿ ಉಳಿದ ಮೂವರ ಚಿತ್ರ ಬರೆದ. ಕೈಯಲ್ಲಿ ಹೂ ಹಿಡಿದ ಪುಟ್ಟ ಲೂಯಿಸಳ ಚಿತ್ರ ನೋಡಿದಾಗಲೆಲ್ಲ ಕರುಳು ಚುರುಕ್ಕೆನ್ನುತ್ತದೆ. ಅದೇ ಹುಡುಗಿ ಬೆಳೆದು, 1770ರಲ್ಲಿ ಅರಮನೆ ತೊರೆದು, ಸೇಂಟ್ ಡೆನಿಸ್‌ನ ಕಾರ್ಮೆಲೈಟ್ ಎಂಬ ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿದಳು!

ಈ ಸೋದರಿಯರ ಪತ್ರಗಳು ಇಂಗ್ಲಿಷ್ ಅನುವಾದದಲ್ಲಿ ಎಲ್ಲಿ ಸಿಗುತ್ತವೆ? ಫ್ರೆಂಚ್ ಬಲ್ಲವರು ಯಾರಾದರೂ ಇದ್ದರೆ ಹೆಸರುಗಳ ಸರಿಯಾದ ಉಚ್ಚಾರಣೆಯನ್ನೂ ದಯವಿಟ್ಟು ತಿಳಿಸಿ. ಅವರ ಹೆಸರನ್ನು ತಪ್ಪಾಗಿ ಬರೆಯಲು ನನಗೆ ಮನಸ್ಸಿಲ್ಲ.