ಒಂದೂವರೆ ವರ್ಷದ ಹಿಂದೆ ಕೊಂಡ ಟೊರಾಂಟೊ ಕಾಂಡೊ: ಈಗ ಮಾರುವುದೇ, ಬಾಡಿಗೆಗೆ ಕೊಡುವುದೇ?

ಪ್ರಶ್ನೆ: ಸರೋವರದಂಚು

ನಾನು ಮತ್ತು ನನ್ನ ಪತ್ನಿ 2024ರ ಮಾರ್ಚ್‌ನಲ್ಲಿ ಟೊರಾಂಟೊದ ಹಂಬರ್ ಬೇ ಶೋರ್ಸ್‌ನಲ್ಲಿ 31ನೇ ಮಹಡಿಯ ಕಾಂಡೊ ಒಂದನ್ನು 6 ಲಕ್ಷ ಡಾಲರಿಗೆ ಕೊಂಡೆವು. ಒಂದು ಬೆಡ್‌ರೂಮು, ಮೇಜು ಮಾತ್ರ ಹಿಡಿಸುವ ಒಂದು ಡೆನ್, ಕಿಟಕಿಯ ತುಂಬ ಒಂಟಾರಿಯೊ ಸರೋವರ. ಕನಿಷ್ಠ ಮುಂಗಡವಾದ 35 ಸಾವಿರ ಡಾಲರನ್ನು ಹೇಗೋ ಹೊಂದಿಸಿದೆವು. ಮುಂಗಡ ಕಡಿಮೆಯಾದ್ದರಿಂದ ಸಿಎಂಎಚ್‌ಸಿ (ಕೆನಡಾ ಸರ್ಕಾರದ ವಸತಿ ನಿಗಮ) ವಿಮೆ ಕಡ್ಡಾಯವಾಯಿತು. ಅದರ 22,600 ಡಾಲರ್ ಕಂತೂ ಸಾಲಕ್ಕೇ ಸೇರಿ ಒಟ್ಟು ಸಾಲ 5,87,600 ಡಾಲರ್ ಆಯಿತು. ಐದು ವರ್ಷಗಳ ಸ್ಥಿರ ಬಡ್ಡಿ 5.04 ಶೇಕಡಾ, ತಿಂಗಳ ಕಂತು 3,431 ಡಾಲರ್.

ಈಗ ಪತ್ನಿಯ ಕೆಲಸ ಜನವರಿಯಿಂದ ಕ್ಯಾಲ್ಗರಿಗೆ ವರ್ಗವಾಗಿದೆ. ನಮ್ಮದೇ ನಕ್ಷೆಯ ಮೂರು ಮನೆಗಳು ಇದೇ ಕಟ್ಟಡದಲ್ಲಿ ಮಾರಾಟಕ್ಕಿದ್ದು, 24ನೇ ಮಹಡಿಯದು ಕಳೆದ ತಿಂಗಳು 5.35 ಲಕ್ಷಕ್ಕೆ ಹೋಯಿತು. ನಮ್ಮ ಏಜೆಂಟರು 5.99 ಲಕ್ಷಕ್ಕೆ ಹಾಕಿ ನೋಡೋಣ ಎನ್ನುತ್ತಾರೆ. ಅಷ್ಟೊಂದು ವಿಮೆ ಕಟ್ಟಿದ್ದೇವಲ್ಲ, ನಷ್ಟದಲ್ಲಿ ಸ್ವಲ್ಪವನ್ನಾದರೂ ಅದು ತುಂಬಿಕೊಡುತ್ತದೆಯೇ? ಬೇಗ ಮಾರಿದರೆ ‘ಫ್ಲಿಪ್ಪಿಂಗ್’ ತೆರಿಗೆ ಬೀಳುತ್ತದೆ ಎಂದು ಸ್ನೇಹಿತರೊಬ್ಬರು ಹೆದರಿಸಿದ್ದಾರೆ. ಊರಿನಲ್ಲಿ ಅಪ್ಪ, ಕೊರತೆ ಬಿದ್ದರೆ ಮೈಸೂರಿನ ಸೈಟು ಮಾರಿ ಹಣ ಕಳಿಸುತ್ತೇನೆ ಎಂದಿದ್ದಾರೆ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1: ಲೆಕ್ಕದ ಪುಸ್ತಕ

ಮೊದಲು ವಿಮೆಯ ವಿಷಯ. ಆ ವಿಮೆ ಇರುವುದು ಸಾಲ ಕೊಟ್ಟ ಬ್ಯಾಂಕಿನ ರಕ್ಷಣೆಗೆ. ಕಂತು ಕಟ್ಟಿದವರು ನೀವಾದರೂ ನಿಮಗೆ ಅದರಿಂದ ಒಂದು ಡಾಲರೂ ಬರುವುದಿಲ್ಲ. ಕೀಲಿಕೈ ಬ್ಯಾಂಕಿಗೆ ಕೊಟ್ಟು ಹೊರಟುಬಿಟ್ಟರಾಯಿತು ಎಂಬ ಮಾತನ್ನೂ ನಂಬಬೇಡಿ. ಒಂಟಾರಿಯೊದಲ್ಲಿ ಬ್ಯಾಂಕು ಮನೆಯನ್ನು ಮಾರಿಸಿ, ಸಾಲ ತೀರದಿದ್ದರೆ ಉಳಿದದ್ದಕ್ಕೆ ನಿಮ್ಮ ಮೇಲೆಯೇ ದಾವೆ ಹೂಡಬಹುದು.

‘ಫ್ಲಿಪ್ಪಿಂಗ್’ ನಿಯಮ 2023ರ ಜನವರಿ 1ರಿಂದ ಜಾರಿಯಲ್ಲಿದೆ ನಿಜ. ಆದರೆ ಅದು 365 ದಿನಗಳೊಳಗೆ ಲಾಭಕ್ಕೆ ಮಾರಿದವರಿಗೆ. ನಿಮಗೆ ಆ ಅವಧಿಯೂ ಮುಗಿದಿದೆ, ಲಾಭವಂತೂ ಇಲ್ಲವೇ ಇಲ್ಲ. ನಾವೇ ವಾಸವಿದ್ದ ಮನೆಯ ಮೇಲಿನ ನಷ್ಟವನ್ನು ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ ಎಂಬುದೇ ಇಲ್ಲಿ ನಿಮಗೆ ತಾಗುವ ವಿಷಯ.

ಇನ್ನು ಕ್ಲೋಸಿಂಗ್ ದಿನದ, ಅಂದರೆ ಮನೆ ಕೈಬದಲಾಗುವ ದಿನದ ಲೆಕ್ಕ. ಹದಿನೆಂಟು ಕಂತುಗಳ ನಂತರ ನಿಮ್ಮ ಸಾಲ ಸುಮಾರು 5,69,000 ಡಾಲರ್ ಉಳಿದಿರುತ್ತದೆ. ಮನೆ 5.35 ಲಕ್ಷಕ್ಕೆ ಹೋಯಿತೆನ್ನಿ. ಇಬ್ಬರು ಏಜೆಂಟರಿಗೂ ಸೇರಿ 5 ಶೇಕಡಾ ಕಮಿಷನ್ ಎಂದರೆ 26,750. ಅದರ ಮೇಲೆ 13 ಶೇಕಡಾ ಮಾರಾಟ ತೆರಿಗೆ (ಎಚ್‌ಎಸ್‌ಟಿ) ಸೇರಿ 30,200ರ ಆಸುಪಾಸು. ವಕೀಲರಿಗೆ 1,800 ಎಂದಿಟ್ಟುಕೊಳ್ಳೋಣ. ಇಷ್ಟಕ್ಕೇ ನೀವು 66 ಸಾವಿರ ಡಾಲರ್ ಕೈಯಿಂದ ತಂದು ವಕೀಲರ ಖಾತೆಗೆ ಹಾಕಬೇಕು. ಹಾಕಿದರೆ ಮಾತ್ರ ಮನೆ ಕೊಂಡವರ ಹೆಸರಿಗೆ ಹೋಗುತ್ತದೆ.

ಇದರಲ್ಲಿ ಸಾಲ ಮುರಿಯುವ ದಂಡ ಸೇರಿಲ್ಲ. ಸ್ಥಿರ ಬಡ್ಡಿಯ ಸಾಲವಾದರೆ ಮೂರು ತಿಂಗಳ ಬಡ್ಡಿ ಅಥವಾ ನಿಮ್ಮ ದರಕ್ಕೂ ಬ್ಯಾಂಕಿನ ಈಗಿನ ದರಕ್ಕೂ ಇರುವ ಅಂತರವನ್ನು ಉಳಿದ ಅವಧಿಗೆ ಲೆಕ್ಕ ಹಾಕಿದ ಮೊತ್ತ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಬ್ಯಾಂಕು ಕೇಳುತ್ತದೆ. ಮೂರು ತಿಂಗಳ ಬಡ್ಡಿ ಸುಮಾರು 7,200 ಡಾಲರ್. ಆದರೆ 2023ರ ಜುಲೈಯಲ್ಲಿ 5 ಶೇಕಡಾ ಮುಟ್ಟಿದ್ದ ಬ್ಯಾಂಕ್ ಆಫ್ ಕೆನಡಾದ ದರ 2024ರ ಜೂನ್‌ನಿಂದ ಇಳಿಯುತ್ತ ಬಂದು 2025ರ ಸೆಪ್ಟೆಂಬರ್‌ನಲ್ಲಿ 2.5ಕ್ಕೆ ಬಂದಿತ್ತು. ನಿಮ್ಮ ಅವಧಿ ಇನ್ನೂ 42 ತಿಂಗಳು ಬಾಕಿಯಿರುವುದರಿಂದ, ಬ್ಯಾಂಕು ಒಂದೇ ಒಂದು ಶೇಕಡಾ ಅಂತರ ಹಿಡಿದರೂ ದಂಡ 20 ಸಾವಿರದ ಹತ್ತಿರ ಹೋಗುತ್ತದೆ. ಈ ಅಂತರವನ್ನು ಒಂದೊಂದು ಬ್ಯಾಂಕು ಒಂದೊಂದು ರೀತಿ ಲೆಕ್ಕ ಹಾಕುತ್ತದೆ. ಆದ್ದರಿಂದ ಏಜೆಂಟರ ಕರಾರಿಗೆ ಸಹಿ ಹಾಕುವ ಮುನ್ನ ಬ್ಯಾಂಕಿನಿಂದ ಎರಡು ವಿಷಯಗಳನ್ನು ಬರಹದಲ್ಲಿ ಪಡೆಯಿರಿ: ಇಂದಿನ ದಂಡ ಎಷ್ಟು, ಮತ್ತು ಇದೇ ಸಾಲವನ್ನು ಕ್ಯಾಲ್ಗರಿಯ ಮನೆಗೆ ವರ್ಗಾಯಿಸಲು ಎಷ್ಟು ದಿನಗಳ ಅವಕಾಶವಿದೆ.

ತಂದೆಯವರ ಸೈಟಿನ ಬಗ್ಗೆ ಒಂದು ಮಾತು. ಭಾರತದಲ್ಲಿರುವವರು ವರ್ಷಕ್ಕೆ 2.5 ಲಕ್ಷ ಅಮೆರಿಕನ್ ಡಾಲರಿನವರೆಗೆ ಹೊರಗೆ ಕಳಿಸಬಹುದು, ಆದರೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ 20 ಶೇಕಡಾ ಟಿಸಿಎಸ್ (ಕಳಿಸುವಾಗಲೇ ವಸೂಲಾಗುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದು ಹೊಂದಾಣಿಕೆಯಾದರೂ, ಹಣ ಅಲ್ಲಿಯವರೆಗೆ ಸಿಕ್ಕಿಕೊಂಡಿರುತ್ತದೆ. ಬೆಲೆ ಕುಸಿದ ಕಾಂಡೊದ ಹಳ್ಳ ಮುಚ್ಚಲು ಮೈಸೂರಿನ ಸೈಟು ಮಾರುವುದನ್ನು ನಾನಂತೂ ಒಪ್ಪಲಾರೆ.

ಉತ್ತರ 2: ಯಂಗ್ ಸ್ಟ್ರೀಟ್ ವಾಸಿ

ನಾನು ಈ ವರ್ಷ ನಾರ್ತ್ ಯಾರ್ಕ್‌ನ ನನ್ನ ಒಂದು ಬೆಡ್‌ರೂಮಿನ ಕಾಂಡೊ ಮಾರಿದೆ. 97 ದಿನ ಹಿಡಿಯಿತು. ನನ್ನ ಏಜೆಂಟರೂ ಕೊಂಡ ಬೆಲೆಗೇ ಹಾಕಿಸಿದ್ದರು. ಮೊದಲ ಆರು ವಾರಗಳಲ್ಲಿ ನೋಡಲು ಬಂದವರು ನಾಲ್ಕೇ ಜನ, ಅವರಲ್ಲೊಬ್ಬರು ವಿಳಾಸ ತಪ್ಪಿ ಬಂದವರು. ಎರಡು ಸಲ ಬೆಲೆ ಇಳಿಸಿದ ಮೇಲೆ, ಈ ಮನೆಯಲ್ಲಿ ಏನೋ ಐಬಿದೆ ಎಂದು ಜನ ಭಾವಿಸಿದರು. ನಿಮ್ಮ ಮನೆಯ ಬೆಲೆಯನ್ನು ಹೇಳಬೇಕಾದದ್ದು 24ನೇ ಮಹಡಿಯ ಮಾರಾಟವೇ ಹೊರತು ನೀವು 2024ರಲ್ಲಿ ಕೊಟ್ಟ ಹಣವಲ್ಲ.

ನನ್ನ ಮೊದಲ ವ್ಯವಹಾರ ಮುರಿದದ್ದು ಸ್ಟೇಟಸ್ ಸರ್ಟಿಫಿಕೇಟಿನಿಂದ, ಅಂದರೆ ಕಟ್ಟಡದ ಹಣಕಾಸು, ದುರಸ್ತಿಗಳ ಸ್ಥಿತಿ ಹೇಳುವ ಮಂಡಳಿಯ ಪತ್ರದಿಂದ. ಗ್ಯಾರೇಜಿನ ನೀರು ಸೋರಿಕೆಯ ದುರಸ್ತಿಗೆ ಪ್ರತಿ ಮನೆಯಿಂದ ವಿಶೇಷ ವಂತಿಗೆ ಎತ್ತುವ ಪ್ರಸ್ತಾಪ ಅದರಲ್ಲಿತ್ತು. ಕೊಳ್ಳುವವರ ವಕೀಲರು ಓದಿದ ಮರುದಿನವೇ ಅವರು ಹಿಂದೆ ಸರಿದರು. ನಾನು ಅಲ್ಲಿಯವರೆಗೆ ಮಂಡಳಿಯ ಸಭೆಯ ಪತ್ರಗಳನ್ನು ಬಿಚ್ಚಿಯೂ ನೋಡಿರಲಿಲ್ಲ, ತಪ್ಪು ನನ್ನದೇ. ನೂರು ಡಾಲರ್ ಕಟ್ಟಿ ಅರ್ಜಿ ಕೊಟ್ಟರೆ ಹತ್ತು ದಿನಗಳಲ್ಲಿ ಸರ್ಟಿಫಿಕೇಟನ್ನು ಕೊಡಬೇಕೆಂಬ ನಿಯಮವಿದೆ. ನೀವೇ ಮೊದಲು ತರಿಸಿ ಓದಿ.

ಮಾರುಕಟ್ಟೆ ಯಾವಾಗ ಏಳುತ್ತದೆಂದು ಕೇಳಬೇಡಿ. ಬಡ್ಡಿ ಅಗ್ಗವಿದ್ದಾಗ ಹೂಡಿಕೆದಾರರು ನಕ್ಷೆ ನೋಡಿ ಕಾದಿರಿಸಿದ ಪುಟ್ಟ ಮನೆಗಳೆಲ್ಲ ಈಗ ಒಟ್ಟಿಗೆ ಕಟ್ಟಿ ಮುಗಿದಿವೆ. 2024ರ ಜನವರಿಯಲ್ಲಿ ವಿದೇಶಿ ವಿದ್ಯಾರ್ಥಿಗಳ ಪರವಾನಗಿಗೆ ಮಿತಿ ಹಾಕಿದ ಮೇಲೆ ಬಾಡಿಗೆದಾರರೂ ಕಡಿಮೆಯಾದರು. ಹಾಗಾಗಿ ಬಾಡಿಗೆಯ ನಂಬಿಕೆಯ ಮೇಲೆ ಕೊಂಡವರೂ ಮಾರುವವರ ಸಾಲಿಗೆ ಬಂದು ನಿಂತಿದ್ದಾರೆ.

ಉತ್ತರ 3: ಎರಡನೇ ಕೀಲಿಕೈ

ಬಾಡಿಗೆಯ ಆಯ್ಕೆಯನ್ನು ಯಾರೂ ಬಿಡಿಸಿ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೇಂಟೆನೆನ್ಸ್ 520, ಮನೆ ತೆರಿಗೆ 190, ಬಾಡಿಗೆ 2,450 ಎಂದು ಹಿಡಿಯುತ್ತೇನೆ. ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ತಿಂಗಳಿಗೆ ಕೈಯಿಂದ ಬೀಳುವುದು ಸುಮಾರು 1,690 ಡಾಲರ್. ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಆದರೆ ನಿಮ್ಮ 3,431ರ ಕಂತಿನಲ್ಲಿ ಈಗ ಅಸಲಿಗೆ ಹೋಗುವುದೇ ಸುಮಾರು 1,065; ಅದು ನಿಮ್ಮದೇ ಸಾಲ ಕರಗುವುದು. ನಿಜವಾಗಿ ಸುಟ್ಟುಹೋಗುವುದು ತಿಂಗಳಿಗೆ 625ರಷ್ಟು, ಮತ್ತು ಬಾಡಿಗೆ ಮನೆಯಾದ ಮೇಲೆ ಆ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಬಹುದು. ಒಂದೇ ದಿನ 66 ಸಾವಿರ ಮತ್ತು ದಂಡ ಹೊಂದಿಸುವುದರ ಮುಂದೆ ಇದು ಎಷ್ಟೋ ವಾಸಿ. ಕ್ಯಾಲ್ಗರಿಯಲ್ಲಿ ನೀವು ಕೊಡುವ ಬಾಡಿಗೆಯನ್ನು ಕಟ್ಟಿದ ಮೇಲೂ ಇಷ್ಟು ಹಣ ಉಳಿಯುತ್ತದೆಯೇ ಎಂಬುದೇ ಪ್ರಶ್ನೆ.

ತೊಡಕುಗಳೂ ಇವೆ. ಸ್ವಂತ ವಾಸಕ್ಕೆಂದು ಪಡೆದ ವಿಮೆಯ ಸಾಲವಾದ್ದರಿಂದ ಮೊದಲು ಬ್ಯಾಂಕಿಗೆ ತಿಳಿಸಿ. ಮನೆಯ ವಿಮೆಯನ್ನು ಬಾಡಿಗೆ ಮನೆಗೆ ತಕ್ಕಂತೆ ಬದಲಿಸಿ. 2018ರ ನವೆಂಬರ್ 15ರ ನಂತರ ಮೊದಲ ಬಾರಿಗೆ ವಾಸಕ್ಕೆ ಬಂದ ಮನೆಗಳಿಗೆ ಬಾಡಿಗೆ ಏರಿಕೆಯ ಮಿತಿ ಅನ್ವಯಿಸುವುದಿಲ್ಲ ಎಂದು ಏಜೆಂಟರು ಹುರಿದುಂಬಿಸುತ್ತಾರೆ. ಬಾಡಿಗೆ ಇಳಿಯುತ್ತಿರುವಾಗ ಆ ರಿಯಾಯಿತಿ ಕಟ್ಟಿಕೊಂಡು ಏನು ಮಾಡುವುದು? ಮುಂದೆ ಮಾರುವಾಗ, ಕೊಂಡವರು ತಾವೇ ವಾಸಕ್ಕೆ ಬರುವುದಾದರೆ ಬಾಡಿಗೆದಾರರಿಗೆ 60 ದಿನಗಳ ನೋಟಿಸು ಬೇಕು, ಅದೂ ಕರಾರಿನ ಅವಧಿ ಮುಗಿಯುವಂತೆ. ಅವರು ಬಿಡಲೊಪ್ಪದಿದ್ದರೆ ವಿಚಾರಣೆಗೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ಸರೋವರದಂಚು

ಮೂವರಿಗೂ ಕೃತಜ್ಞತೆಗಳು. ಬ್ಯಾಂಕಿನಿಂದ ನಿನ್ನೆ ಪತ್ರ ಬಂತು: ದಂಡ 18,600 ಡಾಲರ್, ಸಾಲ ವರ್ಗಾವಣೆಗೆ 90 ದಿನ. ಅಂದರೆ ಮಾರಿದರೆ ಸುಮಾರು 85 ಸಾವಿರ ಡಾಲರ್ ತರಬೇಕು, ನಮ್ಮ ಉಳಿತಾಯ ಅದರ ಅರ್ಧವೂ ಇಲ್ಲ. ಅಪ್ಪನಿಗೆ ಸೈಟು ಮಾರುವುದು ಬೇಡವೆಂದು ಹೇಳಿದ್ದೇನೆ; ಅವರ ದನಿಯಲ್ಲೂ ಸಮಾಧಾನವಿತ್ತು. ಪತ್ನಿ ಜನವರಿಯಲ್ಲಿ ಕ್ಯಾಲ್ಗರಿಗೆ ಹೋಗಿ ಗೆಳತಿಯ ಬೇಸ್‌ಮೆಂಟಿನಲ್ಲಿ ಇರುತ್ತಾಳೆ, ಬಾಡಿಗೆದಾರರು ಸಿಗುವವರೆಗೆ ನಾನು ಇಲ್ಲೇ. ಸ್ಟೇಟಸ್ ಸರ್ಟಿಫಿಕೇಟಿಗೂ ಇಂದು ಬೆಳಿಗ್ಗೆ ನೂರು ಡಾಲರ್ ಕಟ್ಟಿದೆ. ಸುಸ್ತಿ ಬಿದ್ದ ಬಾಡಿಗೆದಾರರನ್ನು ಕಂಡ ಅನುಭವ ಯಾರಿಗಾದರೂ ಇದ್ದರೆ, ಮೊದಲ ಭೇಟಿಯಲ್ಲಿ ಯಾವ ಕಾಗದಗಳನ್ನು ಕೇಳಬೇಕೆಂದು ತಿಳಿಸಿ.