11 ವರ್ಷಗಳ ಗಾಜು ಶುಚಿಗೊಳಿಸುವ ವ್ಯವಹಾರಕ್ಕೆ ಎಷ್ಟು ಬೆಲೆ ಕೇಳಬಹುದು?

ಪ್ರಶ್ನೆ:
ತುಮಕೂರಿನ ಬಿ.ಹೆಚ್. ರಸ್ತೆಯ ಅಂಗಡಿ, ಶೋರೂಮುಗಳ ಹಾಗೂ ವಸಂತನರಸಾಪುರದ ಮೂರು ಕಾರ್ಖಾನೆ ಕಚೇರಿಗಳ ಕಿಟಕಿ ಗಾಜುಗಳನ್ನು ಶುಚಿಗೊಳಿಸುವ ಕೆಲಸವನ್ನು 11 ವರ್ಷಗಳಿಂದ ನಡೆಸುತ್ತಿದ್ದೇನೆ. ಭುಜದ ನೋವಿನಿಂದ ಏಣಿ ಹತ್ತಲಾಗದೆ ಮಾರಲು ನಿರ್ಧರಿಸಿದ್ದೇನೆ. ಹುಡುಗರ ಸಂಬಳ, ಡೀಸೆಲ್ ಎಲ್ಲ ಕಳೆದು ತಿಂಗಳಿಗೆ 55,000 ರೂಪಾಯಿ ಉಳಿಯುತ್ತದೆ. ಎಷ್ಟು ಕೇಳುವುದು ನ್ಯಾಯ?

ಉತ್ತರ 1:
ಸರ್, ಆ 55,000ದಲ್ಲಿ ನಿಮ್ಮ ದುಡಿಮೆಯ ಕೂಲಿಯೂ ಸೇರಿದೆ. ನಿಮ್ಮ ಜಾಗಕ್ಕೆ 20,000 ಕೊಟ್ಟು ಒಬ್ಬರನ್ನು ಇಟ್ಟುಕೊಂಡರೆ ಉಳಿಯುವುದು 35,000, ಅಂದರೆ ವರ್ಷಕ್ಕೆ 4,20,000. ಬಾಯಿಮಾತಿನ ಒಪ್ಪಂದಗಳೇ ಹೆಚ್ಚಿದ್ದರೆ ಅದರ ಒಂದು ಪಟ್ಟು, ಬರಹದ ವಾರ್ಷಿಕ ಕರಾರುಗಳಿದ್ದರೆ ಒಂದೂವರೆ ಪಟ್ಟು ಕೇಳಬಹುದೆಂಬುದು ನನ್ನ ಅಂದಾಜು. ವಾಹನ, ಏಣಿಗಳ ಬೆಲೆ ಪ್ರತ್ಯೇಕ. ಮೊದಲು ಕಾರ್ಖಾನೆಗಳಿಂದ ಕರಾರು ಬರೆಸಿಕೊಳ್ಳಿ.

ಉತ್ತರ 2:
ನಾನು ಇಂಥದ್ದೇ ವ್ಯವಹಾರ ಕೊಂಡು ನೊಂದವನು. ಹಳೆಯ ಮಾಲೀಕರು ಗಿರಾಕಿಗಳ ಪಟ್ಟಿ ಕೊಟ್ಟರೇ ಹೊರತು ಜೊತೆಗೆ ಬರಲಿಲ್ಲ, ಗೇಟಿನಲ್ಲಿ ಕಾವಲುಗಾರ ನನ್ನ ಬಕೆಟ್ಟು, ವೈಪರ್ ನೋಡಿ, "ಅವರೆಲ್ಲಿ?" ಎಂದು ಕೇಳಿ ಹಿಂದಕ್ಕೆ ಕಳುಹಿಸಿದ. ದಯವಿಟ್ಟು ಒಂದು ತಿಂಗಳಾದರೂ ಕೊಂಡವರೊಂದಿಗೆ ಪ್ರತಿ ಕಟ್ಟಡಕ್ಕೂ ಹೋಗಿ ಪರಿಚಯಿಸಿ. ಕಾಲುಭಾಗದ ಹಣವನ್ನು, ಗಿರಾಕಿಗಳು ಉಳಿದ ಮೇಲೆ, ಆರು ತಿಂಗಳಿಗೆ ಪಡೆಯುವುದು ಇಬ್ಬರಿಗೂ ಒಳ್ಳೆಯದು.

ಉತ್ತರ 3:
ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ ವರ್ಗಾಯಿಸಿದರೆ ಜಿಎಸ್‌ಟಿ ವಿನಾಯಿತಿ ಇದೆ. ಏಣಿ, ವಾಹನಗಳನ್ನು ಬಿಡಿಬಿಡಿಯಾಗಿ ಮಾರಿದರೆ ಅದು ದೊರೆಯದು. ನಿಮ್ಮ ನೋಂದಣಿ ನಿಮ್ಮ ಪ್ಯಾನ್‌ಗೆ ಸೇರಿದ್ದರಿಂದ ಕೊಳ್ಳುವವರು ಹೊಸದನ್ನೇ ಪಡೆಯಬೇಕು. ಉಳಿದಿರುವ ಹೂಡುವಳಿ ತೆರಿಗೆ ಜಮೆಯನ್ನು (ಖರೀದಿಗಳ ಮೇಲೆ ನೀವು ಕಟ್ಟಿದ ಜಿಎಸ್‌ಟಿಯಲ್ಲಿ ಇನ್ನೂ ಬಳಸದ ಮೊತ್ತ) ಐಟಿಸಿ-02 ನಮೂನೆಯಲ್ಲಿ ಅವರಿಗೆ ವರ್ಗಾಯಿಸಬಹುದು.